ಕೆಂಪು ಮರದ ತುಂಡಿನ ಸಾಕ್ಷಿ

ಆರ್ವಿಲ್ ಪ್ಯಾಂಕ್ರಾಟ್ಸ್ ಅವರಿಗೆ ಹ್ಯಾಂಡ್‌ಬ್ರೇಕಿನ ಮೇಲೆ ನಂಬಿಕೆಯಿರಲಿಲ್ಲ. ಕೆನಡಾದ ಸಸ್ಕಾಚುವಾನಿನ ಜನವರಿಯಲ್ಲಿ ಅದನ್ನು ಎಳೆದರೆ ಒಳಗಿನ ತಂತಿ ಹೆಪ್ಪುಗಟ್ಟಿಕೊಂಡು ವಸಂತ ಬರುವವರೆಗೂ ಚಕ್ರವನ್ನು ಬಿಡುವುದಿಲ್ಲ ಎಂಬುದು ಅವರ ವಾದ. ಗೇರಿನಲ್ಲಿ ನಿಲ್ಲಿಸುವುದೂ ಅವರಿಗೆ ಹಿಡಿಸದು. ಆದ್ದರಿಂದ ತಮ್ಮ ಹಳೆಯ ಬಿಳಿ ಪಿಕಪ್ಪನ್ನು ಎಲ್ಲಿ ನಿಲ್ಲಿಸಿದರೂ ನ್ಯೂಟ್ರಲ್‌ಗೆ ತಂದು, ಕೆಂಪು ಬಣ್ಣ ಬಳಿದ ಮರದ ತುಂಡೊಂದನ್ನು ಹಿಂದಿನ ಚಕ್ರಕ್ಕೆ ಒತ್ತಿ ಇಡುತ್ತಿದ್ದರು. ಮಗಳು ಲೊರೇನ್‌ಗೆ ಗಾಡಿ ಕಲಿಸುವಾಗಲೂ ಇದೇ ಪಾಠ ಹೇಳಿದ್ದರು.

ಆ ಶನಿವಾರ ಬೆಳಿಗ್ಗೆ ಕರ್ಲಿಂಗ್ ಪಂದ್ಯಕ್ಕೆ ಬಂದಾಗ ಕ್ಲಬ್ಬಿನ ಇಳಿಜಾರಾದ ಅಂಗಳದ ಕೆಳಸಾಲಿನಲ್ಲಿ, ದೀಪದ ಕಂಬದ ಪಕ್ಕ ನಿಲ್ಲಿಸಿ ಹಾಗೆಯೇ ತುಂಡು ಇಟ್ಟರು. ಊರಿನ ಎಲ್ಲರ ಹಾಗೆ ಕೀಯನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಹೋದರು. ಇಡೀ ದಿನ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಎಲ್ಲ ಆಟ ಸೋತು, ಸಂಜೆ ಹೊರಬಂದರು. ಅಷ್ಟರಲ್ಲಿ ಹಿಮ ಸುರಿದು ಅಂಗಳವೆಲ್ಲ ಹತ್ತಿ ಬಿಚ್ಚಿಟ್ಟ ಹಾಸಿಗೆಯಂತಾಗಿತ್ತು.

ದೀಪದ ಕಂಬದ ಪಕ್ಕದ ಗಾಡಿಯ ಮೂತಿಗೆ ಇನ್ನೊಂದು ಗಾಡಿಯ ಹಿಂಭಾಗ ಅಂಟಿಕೊಂಡು ನಿಂತಿತ್ತು. ಮೇಲಿನ ಸಾಲಿನಿಂದ ಅದು ಜಾರಿ ಬಂದ ಗುರುತು ಹಿಮದಲ್ಲಿ ಎರಡು ಗೆರೆಯಾಗಿ ಕಾಣುತ್ತಿತ್ತು. ಎರಡೂ ಬಿಳಿ ಪಿಕಪ್ಪುಗಳೇ; ಆ ಊರಿನ ಒಬ್ಬನೇ ವ್ಯಾಪಾರಿ ಬೇರೆ ಬಣ್ಣ ತರಿಸುತ್ತಿರಲಿಲ್ಲ. ನಂಬರು ಪಟ್ಟಿಗಳ ಮೇಲೆ ರಸ್ತೆಗೆ ಎರಚುವ ಉಪ್ಪಿನ ಕೆಸರು ಗಟ್ಟಿಯಾಗಿ ಕೂತಿತ್ತು.

ಆರ್ವಿಲ್ ಥಟ್ಟನೆ ಕ್ಲಬ್ಬಿನ ಅಡುಗೆಮನೆಯ ಕಿಟಕಿಯತ್ತ ನೋಡಿದರು; ಲೊರೇನ್ ಅಲ್ಲೇ ಅಡುಗೆಗೆ ನೆರವಾಗುತ್ತಿದ್ದಳು. ಅಕ್ಟೋಬರಿನಲ್ಲಿ ಅವರು ಗಾಡಿ ಹಿಂದಕ್ಕೆ ತರುವಾಗ ಯಾರದೋ ಮನೆಯ ಅಂಚೆ ಡಬ್ಬಿಯೊಂದನ್ನು ಮಲಗಿಸಿದ ಮೇಲೆ ಲೊರೇನ್ ಇಡೀ ಕ್ಲಬ್ಬಿನೆದುರು ಹೇಳಿದ್ದಳು: "ಇನ್ನೊಂದು ಸಲ ನಿಮ್ಮಿಂದ ಏನಾದ್ರೂ ಆದ್ರೆ ಕೀ ನನ್ನ ಕೈಗೆ ಬರುತ್ತೆ, ಅಪ್ಪಾ." ಎಪ್ಪತ್ತನಾಲ್ಕು ವಯಸ್ಸಿನ ಅವರ ಮನೆ ಊರಾಚೆ ಗೋಧಿ ಹೊಲಗಳ ನಡುವೆ. ಕೀ ಹೋದರೆ ಊರಿನವರ ಜೊತೆ ಕಾಫಿಯೂ ಇಲ್ಲ, ಕರ್ಲಿಂಗೂ ಇಲ್ಲ, ಮಾತಾಡಲು ಬೆಕ್ಕೊಂದೇ.

ಹಿಂದೆಯೇ ಬಂದ ಪಕ್ಕದ ಹೊಲದ ವೆರ್ನಾ ಗಾಡಿಗಳನ್ನು ನೋಡಿ, "ಮತ್ತೆ ಗುದ್ದಿದೆಯಾ, ಆರ್ವಿಲ್?" ಎಂದಳು.

"ನಾನು ಒಳಗೆ ಕಲ್ಲು ಎಸೀತಿದ್ದೆ. ಗಾಡಿ ಇಲ್ಲಿತ್ತು. ನಾನು ಹೇಗೆ ಗುದ್ದಲಿ?"

"ನಿನಗೆ ಅದೂ ಕಷ್ಟ ಅಲ್ಲ ಬಿಡು."

ಮಾತು ಕೇಳಿ ಐದಾರು ಜನ ಸೇರಿದರು. ವಿಮೆ ಕಚೇರಿಯ ಡೆಲ್ಬರ್ಟ್, ಕಲ್ಲುಗಳ ದೂರ ಅಳೆಯುವ ಕರ್ಲಿಂಗ್ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಓಡಿ ಬಂದ. ಆರ್ವಿಲ್ ಹಿಮ ಕೊಡವಲು ಕೈಯೆತ್ತಿದಾಗ ಗೋಲನ್ನು ಅಡ್ಡ ಹಿಡಿದ.

"ಯಾರೂ ಏನೂ ಮುಟ್ಟಬೇಡಿ. ಸಾಕ್ಷಿ ಅಳಿಸಿಹೋಗುತ್ತೆ."

"ಸರಿ, ನೋಡಿ ಹೇಳಪ್ಪಾ. ತಪ್ಪು ಯಾರದು?" ಎಂದರು ಆರ್ವಿಲ್.

"ಇಂಥ ಅಂಗಳದಲ್ಲಿ ಆದರೆ ಸಾಮಾನ್ಯವಾಗಿ ಅರ್ಧ ಅರ್ಧ."

ಲೊರೇನ್‌ಗೆ ಅರ್ಧ ತಪ್ಪೂ ಸಾಕು.

"ಅರ್ಧ ಯಾಕೆ? ಬಗ್ಗಿ ನೋಡು." ಆರ್ವಿಲ್ ಮೊಣಕಾಲೂರಿ ಕೆಳಗಿನ ಗಾಡಿಯ ಹಿಂದಿನ ಚಕ್ರದ ಬುಡದಲ್ಲಿ ಹಿಮ ಸರಿಸಿದರು. ಕೆಂಪು ತುಂಡು ಹಲ್ಲು ಕಿರಿಯಿತು. "ಬೆಳಿಗ್ಗೆ ನನ್ನ ಕೈಯಾರೆ ಇಟ್ಟಿದ್ದು. ಇದು ಇರೋ ತನಕ ಗಾಡಿ ಒಂದಿಂಚು ಅಲ್ಲಾಡಲ್ಲ."

ಡೆಲ್ಬರ್ಟ್ ಅಳೆದ. ತುಂಡು ಚಕ್ರಕ್ಕೆ ಬಿಗಿಯಾಗಿ ಕೂತಿತ್ತು. ಆಮೇಲೆ ಅವನು ಮೇಲಿನಿಂದ ಬಂದ ಗಾಡಿಯ ಬಾಗಿಲು ತೆರೆದು ತಲೆ ತೂರಿಸಿದ.

"ನ್ಯೂಟ್ರಲ್. ಹ್ಯಾಂಡ್‌ಬ್ರೇಕೂ ಇಲ್ಲ."

"ತುಂಡೂ ಇಲ್ಲ," ಎಂದರು ಆರ್ವಿಲ್, ಮದ್ದಿನ ಚೀಟಿ ಬರೆಯುವ ವೈದ್ಯರ ಧಾಟಿಯಲ್ಲಿ. "ಹ್ಯಾಂಡ್‌ಬ್ರೇಕ್ ಎಳೀದೆ ಇದ್ದದ್ದು ಸರೀನೇ. ಆದರೆ ತುಂಡಿಲ್ಲದೆ ಇಳಿಜಾರಲ್ಲಿ ಬಿಟ್ಟು ಹೋಗೋದು ಅಂದರೆ ಏನರ್ಥ?"

"ಒಪ್ಪಿದೆ. ಕೆಳಗಿನ ಗಾಡಿದು ಏನೂ ತಪ್ಪಿಲ್ಲ. ಪೂರ್ತಿ ಮೇಲಿನದೇ," ಎಂದ ಡೆಲ್ಬರ್ಟ್. "ನಿಲ್ಲಿಸಿದ್ದು ಯಾರು ಅಂತ ಗೊತ್ತಾಗಬೇಕಷ್ಟೆ."

ವೆರ್ನಾಳಿಗೆ ಇಷ್ಟು ಬೇಗ ಮುಗಿಯುವುದು ಇಷ್ಟವಿರಲಿಲ್ಲ. "ನಮ್ಮೂರಲ್ಲಿ ಎಲ್ಲರೂ ಕೀ ಗಾಡೀಲೇ ಬಿಡ್ತಾರೆ. ಒಡೆಯ ಒಬ್ಬ, ನಿಲ್ಲಿಸಿದೋನು ಇನ್ನೊಬ್ಬ ಇರಬಹುದು. ಪಾಪ, ಒಡೆಯಂದೇನು ತಪ್ಪು?"

"ಅದೆಲ್ಲ ನೆಪ," ಎಂದರು ಆರ್ವಿಲ್. ಗೆಲುವಿನ ಹುಮ್ಮಸ್ಸಿನಲ್ಲಿ ಅವರ ದನಿ ಒಳಗಿನ ಅಡುಗೆಮನೆಗೂ ಕೇಳುವಂತಿತ್ತು. "ಓಡಿಸಿದವರನ್ನ ಯಾಕೆ ಹುಡುಕ್ತೀರಿ? ಗಾಡಿ ಯಾರದೋ ಹೊಣೆ ಅವರದು. ನನ್ನ ಕೇಳಿದರೆ ಅಂಥವರ ಕೈಯಿಂದ ಕೀ ಕಿತ್ಕೋಬೇಕು. ಇವತ್ತೇ."

ನಾಲ್ಕೈದು ತಲೆಗಳು ಹೌದೆಂದು ಆಡಿದವು. ಅಕ್ಟೋಬರಿನಿಂದೀಚೆಗೆ ಆರ್ವಿಲ್ ಹೇಳಿದ್ದನ್ನು ಊರು ಒಪ್ಪಿದ್ದು ಅದೇ ಮೊದಲು.

ಆಗ ಶಾಲೆಗೆ ಹೊಸದಾಗಿ ಬಂದ ಟೀಚರ್ ಒಕ್ಸಾನಾ ಹೊರಗೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿ, "ಅಯ್ಯೋ, ನನ್ನ ಗಾಡಿಗೆ ಏನಾಯ್ತು?" ಎಂದಳು.

"ಓಹೋ, ಮೇಲಿನದು ನಿಮ್ಮದಾ?" ಎಂದು ಆರ್ವಿಲ್ ಕನಿಕರದಿಂದ ಕೇಳಿದರು. "ನೀವು ಹೊಸಬರು, ನಮ್ಮ ಇಳಿಜಾರು ಗೊತ್ತಿರಲ್ಲ."

"ಇಲ್ಲ ಸರ್, ಕೆಳಗಿನದು." ಅವಳು ಮುಂಗಾಜಿನ ಹಿಮ ಸವರಿದಳು. ಒಳಗೆ ಮಕ್ಕಳ ಚಿತ್ರಗಳ ಸುರುಳಿ ಕಾಣಿಸಿತು. "ಮಧ್ಯಾಹ್ನ ಬಂದಾಗ ಈ ಜಾಗ ಖಾಲಿ ಇತ್ತು. ಕೆಂಪು ತುಂಡೊಂದು ಬಿದ್ದಿತ್ತು. ಎಷ್ಟು ಒಳ್ಳೇ ಊರು, ಬಂದೋರಿಗೆ ಅಂತ ತುಂಡೂ ಇಟ್ಟಿದ್ದಾರೆ ಅಂದ್ಕೊಂಡು ಕಾಲಲ್ಲಿ ಚಕ್ರಕ್ಕೆ ಒತ್ತಿದೆ. ಯಾರೋ ಪುಣ್ಯಾತ್ಮರು."

ಪುಣ್ಯಾತ್ಮರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು. ಎಲ್ಲರ ಕಣ್ಣೂ ಮೆಲ್ಲಗೆ ಮೇಲಿನ ಗಾಡಿಗೆ ಹೋದವು. ಡೆಲ್ಬರ್ಟ್ ಗೋಲಿನಿಂದ ಅದರ ಹಿಂಬದಿಯ ಮೂಲೆಯ ಹಿಮ ತಟ್ಟಿ ಉದುರಿಸಿದ. ಅಲ್ಲಿ ಅಂಚೆ ಡಬ್ಬಿಯ ನೀಲಿ ಬಣ್ಣ ಇನ್ನೂ ಅಂಟಿತ್ತು.

ಅಷ್ಟರಲ್ಲಿ ಲೊರೇನ್ ಅಡುಗೆಮನೆಯಿಂದ ಏಪ್ರನ್ನಿನಲ್ಲೇ ಹೊರಬಂದಳು. "ಅಪ್ಪಾ, ಹೇಳೋಕೆ ಮರೆತೆ. ಸೇಬಿನ ಪೈಗೆ ಕೆನೆ ಸಾಲದೆ ಬಂತು, ಮಧ್ಯಾಹ್ನ ನಿಮ್ಮ ಗಾಡಿ ತಗೊಂಡು ಅಂಗಡಿಗೆ ಹೋಗಿದ್ದೆ. ಬರೋಷ್ಟರಲ್ಲಿ ಜಾಗ ಹೋಗಿತ್ತು, ಮೇಲೆ ಸಮ ಇದ್ದ ಹಾಗೆ ಕಂಡ ಕಡೆ ಇಟ್ಟೆ."

ಆರ್ವಿಲ್‌ಗೆ ಹೋದ ಜೀವ ಬಂತು. "ಕೇಳಿದಿರಲ್ಲ? ನಿಲ್ಲಿಸಿದ್ದು ಇವಳು. ತಪ್ಪು ಇವಳದು. ಹ್ಯಾಂಡ್‌ಬ್ರೇಕ್ ಯಾಕೆ ಎಳೀಲಿಲ್ಲ ನೀನು?"

"ಚಳೀಲಿ ಎಳೀಬೇಡ ಅಂತ ಕಲಿಸಿದೋರು ಯಾರು?"

"ಗೇರಲ್ಲಾದ್ರೂ ಬಿಡಬಾರದಿತ್ತಾ?"

"ಅದೂ ಬೇಡ ಅಂತ ಕಲಿಸಿದೋರು ಯಾರು?"

"ಮತ್ತೆ ತುಂಡು?"

"ಅದು ಆಗಲೇ ಟೀಚರ್ ಗಾಡಿ ಕೆಳಗೆ ಹೋಗಿತ್ತಲ್ಲ."

ಆರ್ವಿಲ್ ಡೆಲ್ಬರ್ಟ್‌ನ ಕಡೆ ತಿರುಗಿದರು. ಡೆಲ್ಬರ್ಟ್ ಗೋಲನ್ನು ಒರೆಸುತ್ತಿದ್ದ. ಉತ್ತರ ಕೊಟ್ಟವಳು ವೆರ್ನಾ.

"ಓಡಿಸಿದವರನ್ನ ಹುಡುಕೋದು ಬೇಡ, ಗಾಡಿ ಯಾರದೋ ಹೊಣೆ ಅವರದು ಅಂತ ಆಗಲೇ ತೀರ್ಮಾನ ಆಯ್ತಲ್ಲ. ನಾವೆಲ್ಲ ಒಪ್ಪಿದ್ವಿ."

"ಒಳಗೂ ಕೇಳಿಸ್ತು," ಎಂದಳು ಲೊರೇನ್.

ಆರ್ವಿಲ್ ವಯಸ್ಸಿಗೆ ಮೀರಿದ ವೇಗದಲ್ಲಿ ತಮ್ಮ ಗಾಡಿಯ ಬಾಗಿಲು ತೆರೆದು ಒಳಗೆ ಕೈ ಹಾಕಿದರು. ಕೀ ಅಲ್ಲಿರಲಿಲ್ಲ.

ಲೊರೇನ್ ಏಪ್ರನ್ನಿನ ಜೇಬು ತಟ್ಟಿದಳು. "ರೆಜೈನಾ ನಗರದಲ್ಲಿ ಇಷ್ಟು ವರ್ಷ ಇದ್ದ ಅಭ್ಯಾಸ, ಅಪ್ಪಾ. ನಾನು ಕೀ ಗಾಡೀಲಿ ಬಿಡಲ್ಲ."

ಅಂದಿನಿಂದ ಆರ್ವಿಲ್ ಕಾಫಿಗೂ ಕರ್ಲಿಂಗಿಗೂ ತಪ್ಪದೆ ಬರುತ್ತಿದ್ದಾರೆ, ಲೊರೇನ್‌ಗೆ ಬಿಡುವಿದ್ದ ದಿನ. ಓಡಿಸುವವಳು ಅವಳು. ಇವರು ಪಕ್ಕದಲ್ಲಿ ಕೆಂಪು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಗಾಡಿ ನಿಂತ ಕೂಡಲೇ ಇಳಿದು, ಹಿಂದಿನ ಚಕ್ರಕ್ಕೆ ಅದನ್ನು ಒತ್ತಿ, ಲಾರಿ ಕ್ಲೀನರನಂತೆ ಎರಡು ಸಲ ಬಾಗಿಲು ತಟ್ಟುತ್ತಾರೆ. ಆ ಕೆಲಸದಲ್ಲಿ ಇದುವರೆಗೂ ಯಾರೂ ಅವರ ತಪ್ಪು ಹಿಡಿದಿಲ್ಲ.