ಮಾವನ ಎಡಗೈ

ನಮ್ಮ ಸೋದರಮಾವನಿಗೆ ಇಬ್ಬರು ಹೆಣ್ಣುಗಳು ಕೈ ಕೊಟ್ಟರು ಎಂದು ನಮ್ಮೂರು ಚಿನಕುರಳಿಯಲ್ಲಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಅವನಿಗೆ ಕೈ ಕೊಟ್ಟದ್ದು ಅವನದೇ ಎಡಗೈ.

ಮಾವ ಹುಟ್ಟಾ ಎಡಚ. ಉಣ್ಣುವುದು, ಬರೆಯುವುದು, ಕೊಡುವುದು, ಈಸಿಕೊಳ್ಳುವುದು ಎಲ್ಲ ಎಡಗೈಯಲ್ಲೇ. ತೊಂಬತ್ತರ ದಶಕದಲ್ಲಿ ಮೈಸೂರಿನ ಔಷಧಿ ಕಾರ್ಖಾನೆಯೊಂದರಲ್ಲಿ ಅವನಿಗೆ ಸಿಕ್ಕ ಕೆಲಸವಾದರೂ ಏನು? ಎಡಗೈ ಅಣುಗಳನ್ನೂ ಬಲಗೈ ಅಣುಗಳನ್ನೂ ಬೇರ್ಪಡಿಸುವುದು!

ಒಂದು ಭಾನುವಾರ ಅಜ್ಜಿಗೆ ತಿಳಿಸಿಕೊಡಲು ಅಜ್ಜನ ಚಪ್ಪಲಿ ಜೋಡಿಯನ್ನು ಜಗಲಿಗೇ ತಂದಿಟ್ಟ.

"ನೋಡವ್ವ, ಒಂದೇ ತೊಗಲು, ಒಂದೇ ತೂಕ. ಆದ್ರೆ ಕನ್ನಡೀಲಿ ಕಂಡಂಗೆ ಅದಲುಬದಲು. ಕೆಲವು ಔಷ್ದಿ ಅಣುಗಳೂ ಇಂಗೇಯ. ಒಂದು ಕಾಯ್ಲೆ ವಾಸಿ ಮಾಡ್ತದೆ, ಇನ್ನೊಂದು ದಂಡ."

"ಅದೆಂಗ್ಲಾ ಬೇರೆ ಮಾಡೀಯೆ?"

"ಒಂದು ಕೊಳವೆ ಅದೆ. ಅದರೊಳಗಿನ ಪುಡೀನೂ ಒಂದೇ ಕೈಯದು. ದ್ರಾವಣದ ಜೊತೆ ಎರಡನ್ನೂ ಒಳಕ್ಕೆ ಬುಟ್ರೆ, ಒಗ್ಗೋದನ್ನ ಅದು ಕೈ ಹಿಡಿದು ಒಸಿ ಹೊತ್ತು ನಿಲ್ಲಿಸ್ಕತದೆ. ಒಗ್ಗದೆ ಇರೋದು ಮೊದ್ಲೇ ಆಚೆ ಬಂದ್ಬುಡ್ತದೆ."

"ದಿನಾ ಎಡ ಬಲ ವಿಂಗಡಿಸೋನಿಗೆ ಉಣ್ಣೋ ಕೈ ಯಾವ್ದು ಅಂತ ಗೊತ್ತಿಲ್ವಲ್ಲೋ!" ಎಂದು ಅಜ್ಜಿ ಚಪ್ಪಲಿಯನ್ನು ಅಂಗಳಕ್ಕೆಸೆದಳು.

ಅವಳ ಸಂಕಟ ಅವಳಿಗೆ. ನಾಗಮಂಗಲದಲ್ಲಿ ಹೆಣ್ಣು ನೋಡಲು ಹೋದಾಗ ಮಾವ ಎಲೆಅಡಿಕೆ ತಟ್ಟೆಗೆ ಎಡಗೈ ಚಾಚಿದ್ದ. ಹೆಣ್ಣಿನ ತಂದೆ ಮುಖ ಗಂಟಿಕ್ಕಿದರೆ, "ಬೇಜಾರು ಮಾಡ್ಕಬೇಡಿ, ಕೆಲವು ಸಲ ಎಡಗೈದೇ ಔಷ್ದಿ" ಎಂದು ಪಾಠಕ್ಕೆ ನಿಂತ! ಪಾಂಡವಪುರದಲ್ಲೂ ಅದೇ ಕತೆ. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಮೊದ್ಲೇ ಆಚೆ ಬಂದ್ಬುಟ್ವಿ ಕಣ್ಲಾ. ಒಗ್ಗಲಿಲ್ಲ" ಎಂದ.

ಮೂರನೆಯ ಹೆಣ್ಣು ನೋಡಲು ಸಿಂಧಘಟ್ಟಕ್ಕೆ ಹೊರಟಾಗ ಅಜ್ಜಿ ಗಾಯವಾಗಿದೆ ಎನ್ನುವಂತೆ ಅವನ ಎಡಗೈಗೆ ಬಟ್ಟೆ ಸುತ್ತಿದಳು. "ಇದೂ ತಪ್ಪಿದ್ರೆ ನಾ ಇನ್ಯಾರ ಮನೆ ಬಾಗ್ಲಿಗೂ ಬರಾಕಿಲ್ಲ!" ಮಾವ ವಿಧೇಯನಾಗಿ ಬಲಗೈಯಲ್ಲೇ ಕಾಫಿ ತೆಗೆದುಕೊಂಡ. ಅಭ್ಯಾಸವಿಲ್ಲದ ಕೈ, ಇಡೀ ಲೋಟ ಪಂಚೆಯ ಪಾಲು!

ಎಲ್ಲರೂ ಪಂಚೆಯನ್ನೇ ನೋಡಿದರು. ಆ ಹುಡುಗಿ ಮಾತ್ರ ಇನ್ನೊಂದು ಲೋಟ ತಂದಳು. "ಗಾಯ ಆಗಿರೋ ಕೈಗೇ ಕೊಡ್ಲಾ? ಆಗ್ಲೇ ಅದ್ರಲ್ಲೇ ಮೀಸೆ ತೀಡ್ಕತಿದ್ರಲ್ಲ!"

ಮನೆಯೆಲ್ಲ ನಕ್ಕಿತು. ಅಂದು ನಾವು ಹೊರಟದ್ದು ಕೊನೆಯ ಬಸ್ಸಿಗೆ.

ಮದುವೆಯ ಊಟಕ್ಕೆ ಪದ್ಧತಿಯಂತೆ ಎಲೆಯ ತುದಿ ಎಡಕ್ಕೆ ಬರುವಂತೆ ಹಾಕಿದ್ದರು. ಈಗ ನಮಗೆ ಅತ್ತೆಯಾದ ಆ ಹುಡುಗಿ ಸದ್ದಿಲ್ಲದೆ ಮಾವನ ಎಲೆಯನ್ನು ತಿರುಗಿಸಿಟ್ಟಳು. "ಇವರಿಗೆ ಉಪ್ಪು, ಉಪ್ಪಿನಕಾಯಿ ಈ ಕಡೆ ಬಡಿಸ್ರಣ್ಣ" ಎಂದಳು. ಪಕ್ಕದ ಎಲೆಯ ಕನ್ನಡಿ ಬಿಂಬ!

ಹಿಂದೆ ನಿಂತಿದ್ದ ಅಜ್ಜಿ ಅದನ್ನೇ ನೋಡಿದಳು. "ಇಷ್ಟು ವರ್ಷ ಎಲೆ ಹಾಕಿದೋಳು ನಾನು. ನಂಗೆ ಹೊಳೀಲೇ ಇಲ್ವಲ್ಲೋ ಮಗ..."

ಮಾವ ಎಡಗೈಯಲ್ಲಿ ಒಂದು ತುತ್ತು ಕಲಸಿ ಮೇಲಕ್ಕೆತ್ತಿದ.

ಅಜ್ಜಿ ಬಗ್ಗಿ ಬಾಯಿ ತೆರೆದಳು.