ಹೊಳೆಯ ನೀರು ಕುಡಿದ ಮೋಟಾರು

ಮನುಷ್ಯನಿಗೆ ಎತ್ತಿನ ಬಂಡಿಯಿಂದ ಇಳಿಯುವುದು ಸುಲಭ. ಇಳಿದವನು ಮತ್ತೆ ಹತ್ತುವುದು ಕಷ್ಟ. ಈ ಮಾತನ್ನು ನಾನು ಹಾಸಿಗೆ ಹಿಡಿದ ಮೇಲೆ ಹೇಳುತ್ತಿದ್ದೇನೆ. ಹೇಳಬೇಕಾದ ಕಾಲದಲ್ಲಿ ಹೇಳಿದ್ದರೆ ನಮ್ಮ ಯಲಬುರ್ಗಾದಲ್ಲಿ ನನ್ನ ಮಾನ ಹೋಗುತ್ತಿತ್ತು.

ಯುದ್ಧದ ಕಾಲ. ವರ್ಗವಾಗಿ ಹೋಗುತ್ತಿದ್ದ ಒಬ್ಬ ಅಧಿಕಾರಿಯಿಂದ ಹಳೆಯ ಮೋಟಾರು ಕೊಂಡೆ. ಎರಡೇ ಬಾಗಿಲು, ಒಳಗೆ ಇಬ್ಬರಿಗೇ ಜಾಗ; ಅಂಥದ್ದಕ್ಕೆ ಕೂಪೆ ಎನ್ನುತ್ತಾರೆಂದು ಅವರೇ ಹೇಳಿಕೊಟ್ಟರು. ಅದರ ರೋಗಗಳನ್ನು ಮಾತ್ರ ಹೇಳಿಕೊಡಲಿಲ್ಲ. ಹ್ಯಾಂಡಲು ತಿರುವಿ ತಿರುವಿ ರಟ್ಟೆ ಬಿದ್ದುಹೋದ ಮೇಲೆ ಎಂಜಿನ್ನು ಏಳುತ್ತಿತ್ತು. ಬ್ರೇಕು ಒತ್ತಿದರೆ ಯೋಚನೆ ಮಾಡಿ ನಿಲ್ಲುತ್ತಿತ್ತು. ಸಾಮಾನು ಬೇಕೆಂದರೆ ಹೊಳೆಯಾಚೆಯ ಹೊಸಪೇಟೆ. ಆಗ ಅಲ್ಲಿ ಬ್ರಿಟಿಷರ ಸರಕಾರ, ಬೇರೆ ರೂಪಾಯಿ, ಬರುವಾಗ ಗಡಿಯ ನಾಕೆಯಲ್ಲಿ ಸುಂಕ. ಕ್ಲಚ್ ಪ್ಲೇಟಿಗೆ ಒಂದು ಬಂಡಿ ತುಂಬ ಹತ್ತಿ ಮಾರಿದ ದುಡ್ಡು ಹೋಯಿತು. ಡೈನಮೋಕ್ಕೆ ಹಾಲು ಕೊಡುವ ಎಮ್ಮೆ ಹೋಯಿತು. "ಈ ಮೋಟಾರು ತಿಂದಷ್ಟು ನಮ್ಮ ಎತ್ತು ತಿಂದಿದ್ರ ಇಷ್ಟೊತ್ತಿಗೆ ಆನಿ ಆಗಿರತಿತ್ತು" ಎನ್ನುತ್ತಿದ್ದರು ಅಪ್ಪ. ರೇಡಿಯೇಟರು ಸೋರತೊಡಗಿದಾಗ ಕೊಪ್ಪಳದ ಮಿಸ್ತ್ರಿ ಅದರೊಳಗೆ ಅರಿಷಿಣ ಪುಡಿ ಸುರಿದು ತೂತು ಮುಚ್ಚಿದ. ಅಂದಿನಿಂದ ಅದು ಕಾದಾಗಲೆಲ್ಲ ಮದುವೆಮನೆಯ ವಾಸನೆ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅಪ್ಪ ಜ್ವರದಿಂದ ಮಲಗಿದವರು ಏಳಲಿಲ್ಲ. ವೈದ್ಯರು ಕೈಚೆಲ್ಲಿದರು. ಅಪ್ಪ ಕೇಳಿದ್ದು ಒಂದೇ, ದೇವಿಯ ಕ್ಷೇತ್ರವಾದ ಹುಲಿಗಿಯ ಹೊಳೆಯ ಒಂದು ಗುಟುಕು ನೀರು. ಅವ್ವ ತಾಮ್ರದ ಕೊಡ ಕೈಗಿಟ್ಟಳು.

"ಗಾಡಿ ಹೂಡಿಕೊಂಡು ಹೋಗೋ ತಮ್ಮಾ. ತಡ ಆದ್ರೂ ಮುಟ್ಟತೈತಿ."

"ಮೋಟಾರಿನ್ಯಾಗ ಸಂಜಿಗೆ ಬರ್ತೀನವ್ವ."

"ಬರೋ ಮುಂದ ಕೊಡಾನ ದಾರಿಯಾಗ ನೆಲಕ್ಕ ಇಡಬ್ಯಾಡ ಮತ್ತ."

ಹೋಗುವಾಗ ಮೋಟಾರು ಸಾಧುವಿನಂತೆ ಹೋಯಿತು. ತುಂಗಭದ್ರೆಯಲ್ಲಿ ಕೊಡ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ಹೊರಟೆ. ಕೊಪ್ಪಳ ದಾಟಿ ಎರೆನೆಲದ ಬಯಲಿಗೆ ಬಂದಾಗ ಮದುವೆಮನೆಯ ವಾಸನೆ ಎದ್ದಿತು. ಹೊಗೆ ಬಂತು. ಮೋಟಾರು ನಿಂತಿತು. ಕಣ್ಣು ಹಾಯುವಷ್ಟು ದೂರ ಒಂದು ಹನಿ ನೀರಿಲ್ಲ. ಬೇವೂರಿಗೆ ಮರಳುತ್ತಿದ್ದ ರೈತನೊಬ್ಬ ಬಂಡಿ ನಿಲ್ಲಿಸಿದ.

"ಏನ್ರಿ ಸಾವ್ಕಾರ್ರ, ಬಾಯಾರೈತೇನು ನಿಮ್ಮ ಕುದುರಿಗೆ? ಪಕ್ಕದಾಗ ಕೊಡ ಇಟಗೊಂಡು ಸುಮ್ನ ನಿಂತೀರಲ್ಲ."

ಹೊಳೆಯ ನೀರೆಂದೆ, ಯಲಬುರ್ಗಾದಲ್ಲಿ ಹಾಸಿಗೆ ಹಿಡಿದ ಅಪ್ಪನಿಗೆಂದೆ. ಅವನ ಮುಖದ ನಗೆ ಹೋಯಿತು.

"ಹಂಗಾದ್ರ ಬಂಡಿ ಹತ್ರಿ. ನಿಮ್ಮೂರಿನ ಮ್ಯಾಲೇ ಹೋಗಾಂವ ಅದೀನಿ. ಇದನ್ನ ಯಾರು ಒಯ್ತಾರ, ಇಲ್ಲೇ ಬಿದ್ದಿರಲಿ."

ಹತ್ತಬೇಕಾಗಿತ್ತು. ಆದರೆ ಜೋಳದ ಸೊಪ್ಪೆಯ ಮೇಲೆ ಕೊಡ ಹಿಡಿದು ಕೂತು ನಾನು ಪೇಟೆಯೊಳಗೆ ಹೋಗುವುದು, ಅಂಗಡಿಯ ಕಟ್ಟೆಗಳಿಂದ ಜನ "ಮೋಟಾರು ಎಲ್ಲೈತ್ರಿ?" ಎನ್ನುವುದು ಕಣ್ಣಿಗೆ ಕಟ್ಟಿತು. "ನೀ ನಡಿಯಪ್ಪ, ಈಗ ಸುರು ಆಗತೈತಿ" ಎಂದೆ. ಬಂಡಿ ಮರೆಯಾದ ಮೇಲೆ ಕೊಡದ ಬಟ್ಟೆ ಬಿಚ್ಚಿದೆ. ತಳದಲ್ಲಿ ಅಪ್ಪನಿಗೊಂದು ಗುಟುಕು ಉಳಿಸಬೇಕೆಂದಿದ್ದೆ. ರೇಡಿಯೇಟರಿನ ಗಂಟಲು ಅದನ್ನೂ ಕೇಳಿತು.

ಮೋಟಾರು ಎದ್ದು ಹೊರಟಿತು. ಮುಂದೊಂದು ಹೊಲದ ಬಾವಿ ಸಿಕ್ಕಿತು. ಬಾಯಿಗೆ ಹಾಕಿ ನೋಡಿದೆ, ಉಪ್ಪುಪ್ಪಾದ ಸವಳು ನೀರು. ಕೊಡ ತುಂಬಿದೆ. ನೆಲಕ್ಕೆ ಮಾತ್ರ ಇಡಲಿಲ್ಲ, ಬಾನೆಟ್ಟಿನ ಮೇಲಿಟ್ಟೆ. ಮನೆಯಲ್ಲಿ ಅವ್ವ, "ನೆಲಕ್ಕ ಇಟ್ಟಿಲ್ಲಲ್ಲ?" ಎಂದು ಕೇಳಿದಾಗ "ಇಲ್ಲವ್ವ" ಎಂದು ಧೈರ್ಯವಾಗಿ ಹೇಳಿದೆ.

ಅಪ್ಪ ಕಣ್ಣು ಮುಚ್ಚಿ ಕುಡಿದರು. "ಸವಳೈತಲ್ಲೋ" ಎಂದರು. "ಜ್ವರದ ಬಾಯಿಗೆ ಎಲ್ಲಾ ಹಂಗ ಅನಸತೈತ್ರಿ" ಎಂದಳು ಅವ್ವ. ನಾನು ಗೋಡೆ ನೋಡುತ್ತಿದ್ದೆ.

ಅಪ್ಪ ಬದುಕಿದರು. ನಾಲ್ಕು ದಿನದಲ್ಲಿ ಎದ್ದು ಕೂತು ರೊಟ್ಟಿ ಕೇಳಿದರು. ಆಮೇಲೆ ಎಷ್ಟೋ ವರ್ಷ, ಬಂದವರಿಗೆಲ್ಲ ಹೊಳೆಯ ನೀರಿನ ಮಹಿಮೆ ಹೇಳಿದರು. ನಿಜವಾದ ಹೊಳೆಯ ನೀರು ಕುಡಿದ ಮೋಟಾರು ಅದೇ ತಿಂಗಳು ಎಂಜಿನ್ನು ಸೀಳಿಕೊಂಡು ಸತ್ತಿತು. ಎತ್ತು ಹೂಡಿ ಎಳೆಸಿ ಗುಜರಿಗೆ ಹಾಕಿದೆ. ಪಾಪ ಕಳೆಯಲೆಂದು ಪ್ರತಿವರ್ಷ ಬಂಡಿಯಲ್ಲಿ ಹೋಗಿ ಹುಲಿಗಿಯಿಂದ ನೀರು ತರುತ್ತಿದ್ದೆ. ಅಪ್ಪ ಒಂದು ಗುಟುಕು ಕುಡಿದು ತಲೆಯಾಡಿಸುತ್ತಿದ್ದರು. "ಅವತ್ತಿನ ರುಚಿ ಇಲ್ಲ ಬಿಡು."

ಅವರು ಹೋಗುವವರೆಗೂ ನಿಜ ಹೇಳಲಾಗಲಿಲ್ಲ. ಅವರ ನಂಬಿಕೆ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದುಕೊಳ್ಳುತ್ತಿದ್ದೆ. ಸುಮ್ಮನಿದ್ದದ್ದು ಹೆದರಿಕೆಯಿಂದ.

ಈಗ ನನಗೆ ಜ್ವರ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಮಗ ಮೊನ್ನೆ ಹುಲಿಗಿಗೆ ಹೋಗಿ ಕೊಡ ತುಂಬಿಕೊಂಡು ಬಂದ. ಅವನದೂ ಯಾರೋ ಓಡಿಸಿ ಬಿಟ್ಟ ಹಳೆಯ ಕಾರೇ. ಒಂದು ಗುಟುಕು ಬಾಯಿಗೆ ಹಾಕಿದ. ನಾಲಿಗೆಗೆ ಹಳೆಯ ಪರಿಚಯ ಸಿಕ್ಕಂತಾಯಿತು.

"ದಾರಿಯಾಗ ಎಂಜಿನ್ನು ಕಾದಿತ್ತೇನಪ್ಪ?"

"ಇಲ್ಲಪ್ಪಾ. ಯಾಕ?" ಎಂದ. ಗೋಡೆ ನೋಡುತ್ತಿದ್ದ.

ಏನೂ ಇಲ್ಲವೆಂದೆ. ಇನ್ನೊಂದು ಗುಟುಕು ಹಾಕು ಎಂದು ಬಾಯಿ ತೆರೆದೆ. ಅಪ್ಪನಿಗೆ ಹತ್ತಿದ ಔಷಧವೇ ಅದಾಗಿತ್ತಲ್ಲ.