ಅರ್ಧ ನೋಡಿ ಕೊಟ್ಟ ಪೂರ್ತಿ ಅಭಿಪ್ರಾಯ

ಅಭಿಪ್ರಾಯ ಹೇಳುವುದಕ್ಕೆ ಒಂದು ಕಾಲದಲ್ಲಿ ವಯಸ್ಸು ಬೇಕಾಗಿತ್ತು. ತಲೆ ನೆರೆತಿರಬೇಕು, ಹೆಗಲ ಮೇಲೆ ಟವೆಲ್ ಇರಬೇಕು, ಕಟ್ಟೆಯ ಮೇಲೆ ಕಾಯಂ ಆದ ಒಂದು ಜಾಗ ಇರಬೇಕು. ಈಗ ಗೋಡೆಗೊಂದು ಟಿವಿ, ಮೂರು ಓಟಿಟಿಗಳ ಪಾಸ್‌ವರ್ಡು ಇದ್ದರೆ ಸಾಕು. ನನ್ನ ಬಳಿ ಇರುವ ಮೂರರಲ್ಲಿ ಎರಡು ಕಿತ್ತೂರಿನ ಷಡ್ಡಕನವು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸವದತ್ತಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಷ್ಟು ವರ್ಷ ನಾನು ಹೇಳಿದ್ದನ್ನು ಯಾರಾದರೂ ಮನಸ್ಸಿಟ್ಟು ಕೇಳಿದಂತೆ ಕಾಣಲಿಲ್ಲ. ಯಾವ ವೆಬ್ ಸೀರೀಸ್ ನೋಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳತೊಡಗಿದ ಮೇಲೆ ಮಾತ್ರ ಜನ ಸೈಕಲ್ ಮೋಟಾರು ನಿಲ್ಲಿಸಿ ಕೇಳಹತ್ತಿದರು.

ನನ್ನ ಮುಖ್ಯ ವೇದಿಕೆ ಮಧ್ಯಾಹ್ನದ ಸ್ಟಾಫ್ ರೂಮು. ಬುತ್ತಿ ಬಿಚ್ಚಿ, ಒಬ್ಬರ ಎಣಗಾಯಿ ಇನ್ನೊಬ್ಬರ ರೊಟ್ಟಿಯ ಮೇಲೆ ಹೋಗುವ ಹೊತ್ತಿಗೆ ಯಾರಾದರೂ ಕೇಳುತ್ತಾರೆ: "ಮತ್ತ ಸರ್, ಹೊಸಾದ್ದೇನ್ ನೋಡಿದ್ರಿ?" ಹಾಗೆಂದು ಛಾಯಾಗ್ರಹಣ ಹೇಗಿದೆ, ನಿರ್ದೇಶಕ ಯಾರು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಇಲ್ಲಿ ಇರುವುದು ಒಂದೇ ಪ್ರಶ್ನೆ: "ಮನಿಮಂದಿ ಎಲ್ಲಾರೂ ಕೂಡಿ ನೋಡಬಹುದೇನ್ರಿ?" ನಮ್ಮ ಮನೆಗಳಲ್ಲಿ ಪಡಸಾಲೆ ಒಂದೇ, ಟಿವಿ ಒಂದೇ. ಅದರ ಮುಂದೆ ಕಡಲೆ ಆರಿಸುವ ಅತ್ತೆ, ಅಡಕೊತ್ತು ಹಿಡಿದ ಮಾವ, ಹೋಮ್‌ವರ್ಕ್ ಮಾಡುವಂತೆ ನಟಿಸುವ ಮಕ್ಕಳು. ಪರದೆಯ ಮೇಲೆ ಇಬ್ಬರು ಸ್ವಲ್ಪ ಹತ್ತಿರ ಬಂದರೆ ಸಾಕು, ಎಲ್ಲರೂ ತಲೆಯೆತ್ತಿ ಫ್ಯಾನು ನೋಡುತ್ತಾರೆ, ಸೊಸೆಗೆ ಹಾಲು ಉಕ್ಕಿದ ನೆನಪಾಗುತ್ತದೆ. ಹೀಗಾಗಿ ನಾನು ಮೂರು ದರ್ಜೆ ಮಾಡಿಕೊಂಡಿದ್ದೆ: ಮಂದಿ ಕೂಡಿ ನೋಡುವಂಥದ್ದು, ಗಂಡ ಹೆಂಡತಿ ನೋಡುವಂಥದ್ದು, ಕಿವಿಗೆ ವಾಯರು ಹಾಕಿಕೊಂಡು ಒಬ್ಬರೇ ನೋಡುವಂಥದ್ದು. ನಮ್ಮ ಡ್ರಿಲ್ ಮಾಸ್ತರರು ನನ್ನನ್ನು ಕೇಳದೆ ಒಂದು ಪತ್ತೇದಾರಿ ಕಥೆಯನ್ನು ಮಾವನ ಜೊತೆ ನೋಡಲು ಕೂತಿದ್ದರು. ಎಂಟು ದಿನ ಇರಲು ಬಂದ ಮಾವ ಮರುದಿನದ ಮೊದಲ ಬಸ್ಸಿಗೇ ರಾಮದುರ್ಗಕ್ಕೆ ಹೋದರಂತೆ. ಅಂದಿನಿಂದ ನನ್ನ ಮರ್ಯಾದೆ ಮತ್ತಷ್ಟು ಹೆಚ್ಚಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಯಾವುದನ್ನೂ ಪೂರ್ತಿ ನೋಡುವ ಯೋಗವಿಲ್ಲ. ಕೊಲೆಯಾಗುವವರೆಗೆ ಎಚ್ಚರ ಇರುತ್ತೇನೆ, ಕೊಲೆಗಾರ ಸಿಗುವ ಹೊತ್ತಿಗೆ ಗೊರಕೆ ಹೊಡೆಯುತ್ತಿರುತ್ತೇನೆ. ಕೊನೆಯವರೆಗೆ, ಅಂದರೆ ಕಡೆಯ ಹೆಸರುಗಳೆಲ್ಲ ಮೇಲೆ ಸರಿದು ಹೋಗುವವರೆಗೆ ನೋಡುವವಳು ನನ್ನ ಹೆಂಡತಿ ಗಿರಿಜಾ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅವಳು ಉಳಿದರ್ಧ ಹೇಳುತ್ತಾಳೆ: "ಕೊಂದಾಂವ ಆ ಡಾಕ್ಟರ್. ನನಗ ಎರಡನೇ ಎಪಿಸೋಡಿನ್ಯಾಗ ಗೊತ್ತಾಗಿತ್ತು. ಅವನೌನ, ಚಾ ಕುಡಿಯೂಮುಂದ ಒಬ್ಬರ ಮಾರಿ ನೋಡತಿರಲಿಲ್ಲ." ನಾನು ಅದಕ್ಕೆ 'ನಿರೂಪಣೆಯ ಹಿಡಿತ', 'ಪಾತ್ರಪೋಷಣೆ' ಎಂಬ ಎರಡು ಮಾತು ಸೇರಿಸಿ ಶಾಲೆಗೆ ಒಯ್ಯುತ್ತಿದ್ದೆ. ಬುತ್ತಿಯ ರೊಟ್ಟಿಯೂ ಅವಳದೇ, ಅಭಿಪ್ರಾಯವೂ ಅವಳದೇ, ಕಟ್ಟಿಕೊಂಡು ಹೋಗುವುದಷ್ಟೇ ನನ್ನ ಕೆಲಸ.

ಹೀಗಿರಲು ಗಣಿತದ ಹೂಲಿ ಸರ್ ಒಂದು ಶುಕ್ರವಾರ ನನ್ನನ್ನು ಮೂಲೆಗೆ ಕರೆದರು. ಅವರ ಮಗಳು ಅನ್ನಪೂರ್ಣಾ ಓದು ಮುಗಿಸಿ ಊರಲ್ಲೇ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೈಲಹೊಂಗಲದ ಸಂಬಂಧ ಬಂದಿತ್ತು. ಮೂರು ತಲೆಮಾರಿನಿಂದ ಬೆಲ್ಲದ ವ್ಯಾಪಾರ ಮಾಡುವ ಮನೆತನ. ಹುಡುಗನನ್ನು ಅವಳು ಒಮ್ಮೆ ನೋಡಿದ್ದಳು, ಬೇಡ ಅಂದಿರಲಿಲ್ಲ. ಹಿಂದಿನ ನಾಲ್ವರಿಗೆ ಏನೆಂದಿದ್ದಳು ಎಂದು ಗೊತ್ತಿದ್ದವರಿಗೆ ಇದು ದೊಡ್ಡ ಸುದ್ದಿ. ಐತವಾರ ಹಿರಿಯರು ಬಂದು ಮಾತು ಮುಗಿಸುವುದಿತ್ತು. "ಬೀಗರು ಗುಡ್ಡಕ್ಕ ಎಲ್ಲಮ್ಮನ ದರ್ಶನಾ ಮಾಡ್ಕೊಂಡು ನಾಕೂವರಿಗೆ ಬರ್ತಾರ್ರಿ," ಎಂದರು ಹೂಲಿ ಸರ್. "ನಾಕೂವರಿಯಿಂದ ಆರರ ಮಟಾ ರಾಹುಕಾಲ. ಮಾತು ತೆಗಿಯೂಹಂಗಿಲ್ಲ. ಒಂದೂವರಿ ತಾಸು ಹನ್ನೊಂದು ಮಂದಿ ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂತ್ರ ಏನರ ಎಡವಟ್ಟ ಆಕ್ಕೈತಿ. ಟಿವಿ ಹಚ್ಚೂಣು. ಅಳೂದು ಬ್ಯಾಡ, ಸಾಯೂದು ಬ್ಯಾಡ, ಗಂಡ ಹೆಂಡ್ತಿ ಜಗಳ ಬ್ಯಾಡ, ಅಪ್ಪಿಕೊಳ್ಳೂದಂತೂ ಬ್ಯಾಡೇ ಬ್ಯಾಡ. ಅಂಥಾದ್ದೊಂದು ಹೇಳ್ರಿ."

ನನಗೆ ತಕ್ಷಣ ಹೊಳೆಯಿತು. ಹಿಂದಿನ ವಾರವಷ್ಟೇ ಕಬ್ಬಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದ್ದೆ. ಹಸಿರು ಹೊಲ, ಜೋಡೆತ್ತು, ಗಾಣ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಬೆಳ್ಳಿ ಮೀಸೆಯ ಒಬ್ಬ ಮುದುಕ. ಬೆಲ್ಲದ ಬೀಗರಿಗೆ ಇದಕ್ಕಿಂತ ಗೌರವ ಏನಿದೆ? ನಾನು ನೋಡಿದ್ದು ನಲವತ್ತು ನಿಮಿಷ. ಗಿರಿಜಾ ಆ ವಾರ ತವರುಮನೆ ಮನೋಳಿಯಲ್ಲಿದ್ದಳು, ಉಳಿದರ್ಧ ಹೇಳುವವರು ಮನೆಯಲ್ಲಿ ಇರಲಿಲ್ಲ. "ಪೂರಾ ನೋಡೀರಿಲ್ರಿ?" ಎಂದರು ಹೂಲಿ ಸರ್, ಲೆಕ್ಕದ ಮಾಸ್ತರರಲ್ಲವೆ. "ಕಡೀ ಅಕ್ಷರದ ಮಟಾ," ಎಂದೆ. ಆ ಸುಳ್ಳು ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ, ಅಷ್ಟು ರೂಢಿಯಾಗಿತ್ತು.

ಐತವಾರ ನಾನೂ ಒಬ್ಬ ಹಿರಿಯನಾಗಿ ಹೋದೆ. ಬೆಳಿಗ್ಗೆಯಷ್ಟೇ ಮನೋಳಿಯಿಂದ ಬಂದಿದ್ದ ಗಿರಿಜಾ ಹೆಂಗಸರ ಜೊತೆ ಅಡುಗೆಮನೆಯ ಬಾಗಿಲಲ್ಲಿ ಕೂತಳು. ಹುಡುಗನ ತಂದೆ ಶಿವಪುತ್ರಪ್ಪನವರು ಹುಡುಗನನ್ನು ಬಿಟ್ಟು, ಹೆಂಡತಿ ಮತ್ತು ಮನೆಯ ಹಿರಿಯರೊಂದಿಗೆ ಹೇಳಿದ ಹೊತ್ತಿಗೇ ಬಂದರು. ತಮ್ಮ ಅಂಗಡಿಯದೇ ಒಂದು ಬೆಲ್ಲದ ಪೆಂಟೆ ತಂದಿದ್ದರು. ಮಾತು ಕೂಡಿದ ಮೇಲೆ ಅದನ್ನು ಒಡೆದು, ಮೊದಲ ಚೂರನ್ನು ಹುಡುಗಿಯ ಬಾಯಿಗೆ ಕೊಟ್ಟು, ಉಳಿದವರಿಗೆ ಹಂಚುವುದು ಅವರ ಮನೆತನದ ಪದ್ಧತಿ. ರಾಹುಕಾಲದಲ್ಲಿ ಒಡೆಯುವಂತಿಲ್ಲವಾದ್ದರಿಂದ ಅದನ್ನು ತಾಟಿನಲ್ಲಿ ಟಿವಿಯ ಕೆಳಗೇ ಇಟ್ಟರು. ಚಿತ್ರ ಶುರುವಾಯಿತು. ಶಿವಪುತ್ರಪ್ಪನವರು ಅರಳಿದರು. "ಹಾಲಿನ ಹದಾ ನೋಡ್ರಿ, ಹಿಂಗ ನೊರಿ ಬರಬೇಕು," ಎಂದು ಎಲ್ಲರಿಗೂ ತಿಳಿಸಿ ಹೇಳಿದರು. ಹೂಲಿ ಸರ್ ನನ್ನ ಕಡೆ ನೋಡಿ ಕಣ್ಣಲ್ಲೇ ಶಾಭಾಸ್ ಅಂದರು. ಆ ಸಮಾಧಾನದಲ್ಲಿ ಚಿತ್ರ ಅರ್ಧಕ್ಕೆ ಬರುತ್ತಲೇ, ಎಂದಿನಂತೆ, ದಿಂಬಿಗೆ ಒರಗಿದ್ದ ನನಗೆ ಜೊಂಪು ಹತ್ತಿತು.

ಎಚ್ಚರವಾದಾಗ ಪರದೆಯ ಮೇಲೆ ಒಬ್ಬ ಕೊಪ್ಪರಿಗೆಗೆ ಬಿಳಿ ಪುಡಿ ಸುರಿಯುತ್ತಿದ್ದ. ಬಣ್ಣಕ್ಕೊಂದು ಪುಡಿ, ತೂಕಕ್ಕೆ ಸೀಮೆಸುಣ್ಣ, ಇದೆಲ್ಲ ದೊಡ್ಡ ವ್ಯಾಪಾರಿಗಳಿಗೆ ಗೊತ್ತಿದ್ದೇ ನಡೆಯುತ್ತದೆ ಎಂದು ಹಿನ್ನೆಲೆಯ ದನಿ ಶಾಂತವಾಗಿ ಹೇಳುತ್ತಿತ್ತು. ಹೂಲಿ ಸರ್ ಗಾಬರಿಯಲ್ಲಿ ರಿಮೋಟ್ ಒತ್ತಿದರು, ದನಿ ಇನ್ನೂ ಜೋರಾಯಿತು. ಎಲ್ಲರೂ ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಬೆಲ್ಲಕ್ಕೂ ಫ್ಯಾನು ನೋಡುವ ಪ್ರಸಂಗ ಬರಬಹುದು ಎಂದು ನನ್ನ ಮೂರು ದರ್ಜೆಗಳಲ್ಲಿ ನಾನು ಎಣಿಸಿರಲಿಲ್ಲ.

"ಬಂದ್ ಮಾಡಬ್ಯಾಡ್ರಿ," ಎಂದರು ಶಿವಪುತ್ರಪ್ಪನವರು. "ಬಂದ್ ಮಾಡಿದ್ರ ನಾ ಅಂಜಿದಂಗ ಆಕ್ಕೈತಿ. ಆದ್ರ ಒಂದ ಮಾತು. ನಾವು ಯಾರು ಅಂತ ಗೊತ್ತಿದ್ದ ಇದನ್ನ ಹಚ್ಚೀರೇನು?" ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಹೊರಡುವವರಂತೆ ಚಪ್ಪಲಿಯ ಕಡೆ ನೋಡಿದರು. ಹೂಲಿ ಸರ್ ನನ್ನ ಕಡೆ ನೋಡಿದರು. ಬಾಗಿಲಲ್ಲಿದ್ದ ಅನ್ನಪೂರ್ಣಾಳ ಮುಖ ಕಪ್ಪಿಟ್ಟಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಬೇಡ ಅನ್ನದ ಒಂದೇ ಸಂಬಂಧವನ್ನು ನನ್ನ ನಿದ್ದೆ ಬಾಗಿಲಾಚೆ ಕಳಿಸುವ ಹಾಗಿತ್ತು. "ಮುಂದ ಛಲೋ ಐತ್ರಿ ಯಜಮಾನ್ರ, ಸ್ವಲ್ಪ ತಡೀರಿ," ಎಂದೆ. "ಮುಂದ ಏನ್ ಬರ್ತೈತ್ರಿ ಸರ್?" ಎಂದಳು ಅನ್ನಪೂರ್ಣಾ. "ನೀವು ಪೂರಾ ನೋಡೀರಲ್ಲ." ನಾನು ರೂಢಿಯಂತೆ ಗಿರಿಜಾಳ ಕಡೆ ನೋಡಿದೆ.

"ಅವರು ಪೂರಾ ನೋಡಿಲ್ರಿ," ಎಂದಳು ಗಿರಿಜಾ ಎಲ್ಲರಿಗೂ ಕೇಳುವಂತೆ. "ಯಾವುದನ್ನೂ ನೋಡೂದಿಲ್ಲ. ಅರ್ಧಕ್ಕ ನಿದ್ದಿ ಹೋಗ್ತಾರ. ಮುಂಜಾನೆ ನಾ ಹೇಳಿದ್ದನ್ನ ಸಾಲ್ಯಾಗ ಹೋಗಿ ಹೇಳ್ತಾರ. ಈ ಸಲಾ ನಾ ಊರಾಗಿರಲಿಲ್ಲ. ನಿಮ್ಮನ್ನ ಹಂಗಿಸಾಕ ಹಚ್ಚಿದ್ದಲ್ರಿ ಯಜಮಾನ್ರ, ಈಗೂ ನಿದ್ದಿ ಹೊಡದ ಎದ್ದಾರ ನೋಡ್ರಿ, ಗಲ್ಲದ ಮ್ಯಾಲ ದಿಂಬಿನ ಗೆರಿ ಐತಿ." ಶಿವಪುತ್ರಪ್ಪನವರು ನನ್ನ ಗಲ್ಲ ಪರೀಕ್ಷಿಸಿ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ಹುಡುಗನ ತಾಯಿ ಚಪ್ಪಲಿಯ ಕಡೆಯಿಂದ ದೃಷ್ಟಿ ತೆಗೆದರು. ಸಂಬಂಧ ಉಳಿಯಿತು ಎಂದು ನನಗೆ ಸಂತೋಷವಾಯಿತು, ಸಂತೋಷಪಡುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ, ಬೆಲ್ಲವನ್ನು ನೀರಿನಲ್ಲಿ ಕರಗಿಸಿದರೆ ಸುಣ್ಣದ ಪುಡಿ ತಳಕ್ಕೆ ಕೂರುತ್ತದೆ ಎಂದು ತೋರಿಸುತ್ತಿದ್ದರು. "ತಂಗೀ, ಆರು ಹೊಡೀಲಿ. ಒಂದು ಗಿಲಾಸ ನೀರು ತಗೊಂಡು ಬಾ," ಎಂದರು ಶಿವಪುತ್ರಪ್ಪನವರು. ಆಮೇಲೆ ಯಾರೂ ಟಿವಿ ನೋಡಲಿಲ್ಲ, ಗಡಿಯಾರ ಮತ್ತು ಪೆಂಟೆಯನ್ನೇ ನೋಡುತ್ತ ಕೂತೆವು. ಆರಾಯಿತು. ಪೆಂಟೆ ಒಡೆದರು. ಹುಡುಗಿಯ ಬಾಯಿಗೆ ಹೋಗಬೇಕಾದ ಮೊದಲ ಚೂರು ಗ್ಲಾಸಿಗೆ ಬಿತ್ತು. ಅನ್ನಪೂರ್ಣಾ ಔಷಧ ಕಲಸುವವರ ಹಾಗೆ ನಿಧಾನವಾಗಿ ಚಮಚ ತಿರುವಿ, ಬೆಳಕಿಗೆ ಹಿಡಿದಳು. ತಳದಲ್ಲಿ ಕಬ್ಬಿನ ಎರಡು ಸಿಬರು, ಚೂರು ಕರಿಮಣ್ಣು. ಬಿಳಿಯದು ಏನೂ ಇರಲಿಲ್ಲ. "ಮಣ್ಣೈತಿ," ಎಂದರು ಶಿವಪುತ್ರಪ್ಪನವರು. "ಹೊಲದಾಗ ಬೆಳದದ್ದು, ಇರ್ತೈತಿ." ಅವಳು ಗ್ಲಾಸನ್ನು ಎತ್ತಿ ಅರ್ಧಕ್ಕೆ ನಿಲ್ಲಿಸದೆ ಕುಡಿದು, "ಪಾನಕ ಛಲೋ ಆಗೇತ್ರಿ ಮಾವಾರ," ಎಂದಳು. ಮಾತು ಅಲ್ಲಿಗೇ ಮುಗಿಯಿತು, ನಾವು ಹಿರಿಯರು ಆಡುವುದು ಏನೂ ಉಳಿದಿರಲಿಲ್ಲ.

ಈಗ ಸ್ಟಾಫ್ ರೂಮಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಗೆ ಫೋನುಗಳು ಬರುತ್ತವೆ, ಬೈಲಹೊಂಗಲದಿಂದಲೂ ಬರುತ್ತವೆ. ನಾನು ಎತ್ತಿದರೆ, "ಸರ್ ಆರಾಮಿದ್ದೀರಿ? ಅಕ್ಕಾರಿಗೆ ಕೊಡ್ರಿ," ಅನ್ನುತ್ತಾರೆ. ಅವಳು ಲಟ್ಟಣಿಗೆ ಕೆಳಗಿಟ್ಟು, ಎರಡೇ ಮಾತಿನಲ್ಲಿ ಅಭಿಪ್ರಾಯ ಹೇಳಿ ಮುಗಿಸುತ್ತಾಳೆ. ಪಾತ್ರಪೋಷಣೆಯ ಸುದ್ದಿಗೇ ಹೋಗುವುದಿಲ್ಲ.

ಮೊನ್ನೆ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಳ್ಳುತ್ತ ಸುಮ್ಮನೆ ಕೇಳಿದೆ: "ಎಲ್ಲಾದರ ಬಗ್ಗೆನೂ ಹೇಳ್ತಿ. ನನ್ನ ಬಗ್ಗೆ ಯಾರರ ಕೇಳಿದ್ರ ಏನ್ ಹೇಳ್ತಿ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಇಪ್ಪತ್ನಾಕು ವರ್ಷದಿಂದ ನೋಡಾಕತ್ತೇನಿ. ಇನ್ನಾ ಮುಗದಿಲ್ಲ. ಅರ್ಧಾ ನೋಡಿ ಅಭಿಪ್ರಾಯ ಹೇಳೂ ಚಟಾ ನಿಮಗೈತಿ, ನನಗಿಲ್ಲ."